ಹತ್ತಾದ ಮೇಲೆ ಆಕಾರ

ನಮ್ಮಕ್ಕನಿಗೆ ಉರು ಹೊಡೆಯುವುದೆಂದರೆ ಪ್ರಾಣ. ಶಾಲೆಯಲ್ಲಿ ಗಣಿತದ ಲೆಕ್ಕಗಳನ್ನೂ ಉತ್ತರಸಮೇತ ಬಾಯಿಪಾಠ ಮಾಡಿ ಪಾಸಾದವಳು. ಬಟ್ಟೆ ಕಾರ್ಖಾನೆಗೆ ಸೇರಿ, ಕತ್ತರಿಸಿದ ಕಾಲರುಗಳನ್ನು ಹತ್ತತ್ತರ ಕಟ್ಟು ಕಟ್ಟುವ ಕೆಲಸದಿಂದ ಶುರುಮಾಡಿ, ಹದಿನೈದು ವರ್ಷದಲ್ಲಿ ಕಟಿಂಗ್ ಮೇಜಿಗೇ ಮುಖ್ಯಸ್ಥೆಯಾದಳು. ನಾನು ಅಲ್ಲೇ ಗುಂಡಿ ಹಾಕುತ್ತೇನೆ. "ನಿಮ್ಮಕ್ಕ ನಿದ್ದೇಲೂ ಹತ್ತು ಎಣಿಸಿ ಮಗ್ಗುಲು ಬದಲಾಯಿಸ್ತಾರಂತೆ" ಎಂದು ಜೊತೆಯವರು ಕೆಣಕುತ್ತಾರೆ. ನಾನು ಅಲ್ಲವೆನ್ನುವುದಿಲ್ಲ.

ಇಂಥವಳಿಗೆ ಬುಗುರಿ ಹುಟ್ಟಿದಳು. ಎಂಟು ವರ್ಷದ ಹುಡುಗಿಗೆ ಆ ಅಡ್ಡಹೆಸರು ಇಟ್ಟವಳು ನಾನೇ. ಈಗ ನಾಲಿಗೆ ಕಚ್ಚಿಕೊಳ್ಳುತ್ತೇನೆ. ಒಂದು ಶೂ ಹಾಕಿಕೊಂಡು ಇನ್ನೊಂದನ್ನು ಹುಡುಕಲು ಹೋದವಳು ನಲ್ಲಿಯ ಹತ್ತಿರ ನೀರಾಡುತ್ತಾ ಸಿಗುತ್ತಿದ್ದಳು. ತರಗತಿಯಲ್ಲಿ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೂಗುವುದು, ಅರ್ಧ ವಾಕ್ಯ ಬರೆದು ಕಿಟಕಿಗೆ ಓಡುವುದು. ಭಾವ ಲಾರಿ ಓಡಿಸುತ್ತಾರೆ. ತಿಂಗಳಿಗೆರಡು ಸಲ ಬಂದು ಮಗಳನ್ನು ಇನ್ನಷ್ಟು ಕುಣಿಸಿ ಹೋಗುತ್ತಾರೆ. ಕೊನೆಗೆ ಹೆಡ್‌ಮೇಡಂ ಅಕ್ಕನನ್ನು ಕರೆಸಿದರು.

"ನಾಲ್ಕು ತಿಂಗಳು ಗಮನ ನಿಲ್ಲೋ ಹಾಗೆ ತರಬೇತಿ ಕೊಡ್ಸಿ. ಆಮೇಲೆ ಡಾಕ್ಟರ ಹತ್ರ ಪರೀಕ್ಷೆ ಮಾಡ್ಸಿ ವರದಿ ತನ್ನಿ. ಸರಿ ಬಂದ್ರೆ ಇಲ್ಲೇ ಓದ್ತಾಳೆ. ಇಲ್ಲಾಂದ್ರೆ ಬೇರೆ ಶಾಲೆ ನೋಡ್ಕೊಬೇಕಾಗುತ್ತೆ."

ಬೇರೆ ಶಾಲೆ ಎಂದರೆ ವಿಶೇಷ ಮಕ್ಕಳ ಶಾಲೆಯೆಂದು ಎಲ್ಲರಿಗೂ ಗೊತ್ತು. ಅಲ್ಲಿಗೆ ಹೋದ ಮಕ್ಕಳು ವಾಪಸು ಬಂದದ್ದನ್ನು ನಾವು ಕಂಡಿಲ್ಲ.

ತರಬೇತಿ ನಡೆಯುತ್ತಿದ್ದದ್ದು ಔಷಧಿ ಅಂಗಡಿಯ ಮಹಡಿಯ ಮೇಲಿನ ಕೋಣೆಯಲ್ಲಿ. ಟೀಚರಿಗೆ ವಯಸ್ಸು ಚಿಕ್ಕದು, ತಾಳ್ಮೆ ಮಾತ್ರ ಭೂಮಿತೂಕದ್ದು. ಒಂದು ಆಟದಲ್ಲಿ ಚಪ್ಪಾಳೆ ಕೇಳಿದರೆ ನಡೆಯಬೇಕು, ಗಂಟೆ ಕೇಳಿದರೆ ನಿಲ್ಲಬೇಕು. ಇನ್ನೊಂದರಲ್ಲಿ ಹೇಳಿದ ಅಂಕಿಗಳನ್ನು ಹಿಂದಿನಿಂದ ಒಪ್ಪಿಸಬೇಕು. ಮುಖ್ಯವಾದದ್ದು ಕಾರ್ಡಿನ ಆಟ. ಬಣ್ಣ ನೋಡಿ ಕಾರ್ಡು ವಿಂಗಡಿಸುತ್ತಾ ಹೋಗುವಾಗ ಟೀಚರು ಹೇಳದೆ ಕೇಳದೆ ನಿಯಮ ಬದಲಾಯಿಸಿಬಿಡುತ್ತಿದ್ದರು. "ತಪ್ಪು" ಎಂದ ಕೂಡಲೇ ಮಗು ತಾನೇ ತಿಳಿದುಕೊಂಡು ಆಕಾರ ನೋಡಿ ಇಡಬೇಕು. ಬುಗುರಿ ಬಣ್ಣ ಬಿಟ್ಟು ಕದಲುತ್ತಿರಲಿಲ್ಲ.

ಅಕ್ಕ ಮೂಲೆಯ ಕುರ್ಚಿಯಲ್ಲಿ ಕೂತು ನೋಡಿದಳು. ಪ್ರತಿ ಸಲವೂ ಹತ್ತು ಕಾರ್ಡಾದ ಮೇಲೆಯೇ ನಿಯಮ ಬದಲಾಗುತ್ತದೆಂಬುದು ಅವಳ ಪಳಗಿದ ಕಣ್ಣಿಗೆ ಒಂದೇ ವಾರದಲ್ಲಿ ಸಿಕ್ಕಿಬಿತ್ತು. ಕಾರ್ಖಾನೆಯ ಚೂರುಬಟ್ಟೆ ತಂದು ಕೆಂಪು, ನೀಲಿ, ಹಳದಿಯ ಚೌಕ, ತ್ರಿಕೋನ, ವೃತ್ತಗಳನ್ನು ಕತ್ತರಿಸಿ ರಟ್ಟಿಗೆ ಅಂಟಿಸಿದಳು.

"ಮನಸ್ಸಲ್ಲೇ ಎಣಿಸ್ಕೊ ಪುಟ್ಟಿ. ಹತ್ತಾದ ಮೇಲೆ ಆಕಾರ. ಮತ್ತೆ ಹತ್ತಾದ ಮೇಲೆ ಬಣ್ಣ. ಯಾರು ಏನಂದ್ರೂ ಎಣಿಕೆ ಬಿಡ್ಬೇಡ."

"ಇದು ಮೋಸ ಅಲ್ವೇನೆ ಅಕ್ಕ?" ಎಂದೆ.

"ಮಗ್ಗಿ ಕಲ್ಸೋದು ಮೋಸಾನಾ? ಸುಮ್ನೆ ಕೂತ್ಕೊ."

ಕೂತುಕೊಂಡೆ. ನನಗೂ ಸರಿಯೆನ್ನಿಸಿತು, ಆ ತಪ್ಪಿನಲ್ಲಿ ನನ್ನ ಪಾಲೂ ಇದೆ.

ದಿನಾ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಅರ್ಧ ಗಂಟೆ. ಬುಗುರಿ ಮೊದಮೊದಲು ಮೇಜಿನ ಕೆಳಗೆ ನುಸುಳಿದಳು, ರಟ್ಟು ಕಚ್ಚಿದಳು, ಅತ್ತಳು. ಮೂರನೆಯ ತಿಂಗಳಿಗೆ ಕೂತಳು. ತುಟಿ ಅಲ್ಲಾಡದಂತೆ ಎಣಿಸುವುದನ್ನೂ ಕಲಿತಳು. ಟೀಚರು ಅವಳ ಅಂಕ ನೋಡಿ ಕಣ್ಣರಳಿಸಿದರು. ಅಕ್ಕ ಹಿಗ್ಗಿ ಹೀರೇಕಾಯಿಯಾದಳು. ಶೂ ಮಾತ್ರ ಇನ್ನೂ ಒಂದೇ ಸಿಗುತ್ತಿತ್ತು. ಆ ಮಾತನ್ನು ನಾವಿಬ್ಬರೂ ಎತ್ತಲಿಲ್ಲ.

ಪರೀಕ್ಷೆ ಮಾಡಿದವರು ಟೀಚರಲ್ಲ, ಒಬ್ಬ ಡಾಕ್ಟರು, ನರೆಗೂದಲಿನ ಮನುಷ್ಯ. ನಾವು ಗಾಜಿನಾಚೆ ನಿಂತಿದ್ದೆವು. ಅವರು ಆರು ಕಾರ್ಡಿಗೇ ನಿಯಮ ಬದಲಾಯಿಸಿದರು. "ತಪ್ಪು" ಎಂದರು. ಬುಗುರಿ ಮತ್ತೆ ಬಣ್ಣವನ್ನೇ ನೋಡಿ ಇಟ್ಟಳು. "ತಪ್ಪು." ಮತ್ತೆ ಬಣ್ಣ. ಹತ್ತು ಮುಗಿದ ಮೇಲೆ ಆಕಾರಕ್ಕೆ ಬಂದಳು. ಎರಡು ಕಾರ್ಡು ಸರಿಹೋಗುವಷ್ಟರಲ್ಲಿ ಅವರು ಬಣ್ಣಕ್ಕೆ ಮರಳಿದ್ದರು. "ಬಿಡೇ, ಎಣಿಕೆ ಬಿಡೇ" ಎಂದು ಅಕ್ಕ ಗಾಜಿಗೆ ಹಣೆ ಒತ್ತಿ ಪಿಸುಗುಟ್ಟುತ್ತಿದ್ದಳು. ಒಳಗೆ ಕೇಳುವಂತಿರಲಿಲ್ಲ.

"ಏನೋ ಎಣಿಸ್ತಿದ್ಲು ಅನ್ಸುತ್ತೆ. ಯಾರಾದ್ರೂ ಹೇಳ್ಕೊಟ್ಟಿದ್ರಾ?" ಎಂದು ಡಾಕ್ಟರು ಆಮೇಲೆ ಕೇಳಿದರು.

"ನಾನೇ ಸಾರ್" ಎಂದಳು ಅಕ್ಕ.

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಈ ಪರೀಕ್ಷೆನ ಇನ್ನು ಒಂದು ವರ್ಷ ಮತ್ತೆ ಮಾಡೋ ಹಾಗಿಲ್ಲಮ್ಮ. ನಾನು ಕಂಡಿದ್ದನ್ನ ಬರೀಲೇಬೇಕು" ಎಂದು ಬರೆದುಕೊಟ್ಟರು: ನಿಯಮ ಬದಲಾದದ್ದು ಮಗುವಿಗೆ ತಿಳಿಯುವುದಿಲ್ಲ. ಶಾಲೆಯೋ ಒಂದು ವರ್ಷ ಕಾಯುವುದಿಲ್ಲವೆಂದು ನಮಗೆ ಗೊತ್ತಿತ್ತು. ಅಕ್ಕ ಕಾಗದ ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು.

ಮೆಟ್ಟಿಲು ಇಳಿಯುವಾಗ ಬುಗುರಿ ಅಮ್ಮನ ಸೆರಗು ಎಳೆದಳು. "ಆ ಸಾರ್ ತಪ್ಪು ತಪ್ಪು ಅಂತಾನೇ ಇದ್ರಮ್ಮ. ನಂಗೆ ಬೇರೆ ಥರ ಇಡ್ಬೇಕು ಅಂತ ಗೊತ್ತಾಯ್ತು. ಆದ್ರೆ ನೀನು ಹೇಳಿದ್ಯಲ್ಲ, ಅದಕ್ಕೇ ಇಡ್ಲಿಲ್ಲ."

ಅಕ್ಕ ಆ ಮೆಟ್ಟಿಲ ಮೇಲೆಯೇ ಕೂತಳು. ಹುಟ್ಟಿದಾಗಿನಿಂದ ಯಾರ ಮಾತನ್ನೂ ಪೂರ್ತಿ ಕೇಳದ ಹುಡುಗಿ ಅವತ್ತು ತಾಯಿಯ ಮಾತನ್ನು ಪೂರ್ತಿ ಕೇಳಿದ್ದಳು.