ನಾಲ್ಕರಲ್ಲಿ ಒಂದು ಮಿಸ್ಸಿಂಗ್

ನಮ್ಮ ಕಾರಿನ ಇಂಜಿನ್ ಮಿಸ್ಸಿಂಗ್ ಎಂದು ಮೊದಲ ಸಲ ನಾನು ಅಂಗಡಿ ಜಗಲಿಯ ಮೇಲೆ ನಿಂತು ಹೇಳಿದಾಗ ಎದುರಿನ ಜವಳಿ ಅಂಗಡಿಯ ಯಜಮಾನರು ಗಾಬರಿಯಿಂದ ಎದ್ದು ಬಂದರು. "ಯಾವಾಗಿಂದ ಕಣ್ರೀ? ಪೊಲೀಸ್‌ನೋರ್ಗೆ ತಿಳಿಸಿದ್ರಾ?" ಎಂದರು. ಇಂಜಿನ್ ಎಲ್ಲಿಗೂ ಹೋಗಿಲ್ಲ, ಬಾನೆಟ್ಟಿನ ಕೆಳಗೇ ಇದೆ, ಆದರೂ ಮಿಸ್ಸಿಂಗ್ ಎಂದು ನಾನು ವಿವರಿಸಿದೆ. "ಅಲ್ಲೇ ಇದ್ರೆ ಮಿಸ್ಸಿಂಗ್ ಎಂಗಾದಾತು?" ಎಂದು ಅವರು ಬೇಸರ ಪಟ್ಟುಕೊಂಡು ಹೊರಟುಹೋದರು. ಇದ್ದಲ್ಲೇ ಇದ್ದು ಇಲ್ಲದಂತಾಗುವುದನ್ನು ಅವರಿಗೆ ತಿಳಿಯುವಂತೆ ಹೇಳಲು ಆ ದಿನ ನನ್ನಿಂದ ಆಗಲಿಲ್ಲ. ಇಂದು ಪ್ರಯತ್ನ ಮಾಡುತ್ತೇನೆ.

ಕಾರು ನಮ್ಮ ಕೈಸೇರಿದ್ದು ಮಡಿಕೇರಿ ಕಡೆಯ ಕಾಫಿ ತೋಟದ ದೊರೆಯೊಬ್ಬರಿಂದ. ಸ್ವಾತಂತ್ರ್ಯ ಬಂದ ಮೇಲೆ ಅವರು ಗಂಟುಮೂಟೆ ಕಟ್ಟಿದರು. ಹಡಗಿಗೆ ಹೇರಲು ಲಾಯಕ್ಕಿಲ್ಲದ್ದನ್ನೆಲ್ಲ ದಾರಿಯುದ್ದಕ್ಕೂ ಮಾರುತ್ತ ಬಂದವರಿಗೆ ಹುಣಸೂರಿನಲ್ಲಿ ಹೊಗೆಸೊಪ್ಪಿನ ವ್ಯಾಪಾರ ಮಾಡುವ ನಮ್ಮಪ್ಪ ಸಿಕ್ಕಿದರು. ಕಾರಿನ ಜೊತೆಗೆ ಒಂದು ಇಂಗ್ಲಿಷ್ ಕೈಪಿಡಿಯೂ ಬಂತು. ಅದರ ಮೊದಲ ಪುಟದಲ್ಲಿ ಇಂಜಿನ್ನಿನ ಲಕ್ಷಣಗಳನ್ನು ವರನ ಜಾತಕದ ಹಾಗೆ ಬರೆದಿತ್ತು. ನಾಲ್ಕು ಸಿಲಿಂಡರು, ಎಂಟು ಹಾರ್ಸ್ ಪವರು, ಆರು ವೋಲ್ಟಿನ ಬ್ಯಾಟರಿ, ಗ್ಯಾಲನ್ ಪೆಟ್ರೋಲಿಗೆ ನಲವತ್ತು ಮೈಲಿ. ಜಾತಕ ಪೂರಾ ಸುಳ್ಳೇನಲ್ಲ. ಸಿಲಿಂಡರುಗಳು ನಾಲ್ಕೇ ಇದ್ದವು, ನಾನೇ ಎಣಿಸಿದ್ದೇನೆ. ಕುದುರೆಗಳ ವಿಷಯದಲ್ಲಿ ಮಾತ್ರ ನನಗೆ ಅನುಮಾನವಿದೆ. ಹೆಗ್ಗಡದೇವನಕೋಟೆಯ ಹಾದಿಯ ಕೆಸರಿನಲ್ಲಿ ಸಿಕ್ಕಿಕೊಂಡಾಗ ಈ ಎಂಟು ಕುದುರೆಗಳನ್ನು ಎರಡು ಎತ್ತುಗಳು ಮೇಲಕ್ಕೆಳೆದವು. ಯಾವ ದೇಶದ ಕುದುರೆಯನ್ನು ನಿಲ್ಲಿಸಿಕೊಂಡು ಈ ಅಳತೆ ಮಾಡಿದರೋ ಕಾಣೆ. ನಮ್ಮೂರ ಜಟಕಾ ಕುದುರೆಯಾಗಿದ್ದರೆ ಲೆಕ್ಕ ಸರಿಹೋಗುತ್ತದೆ.

ಕಾಯಿಲೆಗಳಿಗೇನೂ ಕೊರತೆಯಿರಲಿಲ್ಲ. ಪಿರಿಯಾಪಟ್ಟಣದ ಕಡೆಯ ಏರು ಹತ್ತುವಾಗ ರೇಡಿಯೇಟರ್ ಕುದಿಯುತ್ತದೆ. ಬೇಸಿಗೆಯಲ್ಲಿ ಹೆಗ್ಗಡದೇವನಕೋಟೆಯ ಕಡೆ ಹೋದರೆ ಪೆಟ್ರೋಲು ನಳಿಗೆಯೊಳಗೇ ಆವಿಯಾಗಿ ಗಾಡಿ ನಿಂತುಬಿಡುತ್ತದೆ. ಆಗ ಜ್ವರ ಬಂದ ಮಗುವಿಗೆ ಹಾಕುವಂತೆ ಒದ್ದೆ ಬಟ್ಟೆ ಹಾಕಿ ಮರದ ನೆರಳಲ್ಲಿ ಕಾಯಬೇಕು. ಕೃಷ್ಣರಾಜನಗರದ ಕಡೆ ನಾಲೆ ನೀರು ಕೈಗೆ ಸಿಗುವುದರಿಂದ ಎಷ್ಟು ಕುದಿದರೂ ಚಿಂತೆಯಿಲ್ಲ. ಕಾರ್ಬ್ಯುರೇಟರಿನ ಕಣ್ಣಿಗೆ ಕಸ ಸಿಕ್ಕಿದರೆ ಬಾಯಲ್ಲಿ ಊದಬೇಕು. ಊದಿದ ಮೇಲೆ ದಿನವಿಡೀ ಕಾಫಿಯೂ ಪೆಟ್ರೋಲಿನಂತೆಯೇ ಇರುತ್ತದೆ. ಪ್ಲಗ್ಗಿಗೆ ಮಸಿ ಹಿಡಿದರೆ ಅದನ್ನು ಕೆಂಡದಲ್ಲಿ ಸುಡಬೇಕು. ನಮ್ಮವ್ವ ಬದನೆಕಾಯಿ ಸುಡಲು ಒಲೆಯ ಕೆಂಡ ಕೆದರುವ ಹೊತ್ತಿಗೇ ನಾನು ಹೋಗಿ ನಾಲ್ಕು ಪ್ಲಗ್ಗನ್ನೂ ಪಕ್ಕದಲ್ಲಿಡುತ್ತಿದ್ದೆ. ಒಂದು ದಿನ ಬದನೆಕಾಯಿಯ ಗೊಜ್ಜಿಗೆ ಪೆಟ್ರೋಲಿನ ವಾಸನೆ ಬಂದು, ಆ ಮೇಲೆ ಕಾರಿಗೂ ಅವ್ವನಿಗೂ ಎಣ್ಣೆ ಸೀಗೇಕಾಯಿ ಸಂಬಂಧವಾಯಿತು.

ಇವೆಲ್ಲ ಕಣ್ಣಿಗೆ ಕಾಣುವ ಕಾಯಿಲೆಗಳು. ಮಿಸ್ಸಿಂಗ್ ಹಾಗಲ್ಲ. ನಾಲ್ಕು ಒರಳಲ್ಲಿ ನಾಲ್ಕು ಒನಕೆ ಒಂದಾದ ಮೇಲೊಂದು ಕುಟ್ಟುತ್ತಿವೆ ಎಂದುಕೊಳ್ಳಿ. ಇಂಜಿನ್ನೆಂದರೆ ಅಷ್ಟೇ. ಅದರಲ್ಲಿ ಒಂದು ಒನಕೆ ಉಳಿದವುಗಳ ಜೊತೆಗೇ ಏಳುತ್ತದೆ, ಜೊತೆಗೇ ಇಳಿಯುತ್ತದೆ, ಕಾಳಿಗೆ ಮಾತ್ರ ಏಟು ಬೀಳುವುದಿಲ್ಲ. ಅದು ಯಾವುದೆಂದು ಕಂಡುಹಿಡಿಯಲು ಒಂದು ಉಪಾಯವಿದೆ. ಇಂಜಿನ್ ಓಡುತ್ತಿರುವಾಗಲೇ ಒಂದೊಂದು ಪ್ಲಗ್ಗಿನ ವೈರನ್ನೂ ಕಿತ್ತು ನೋಡಬೇಕು. ಕಿತ್ತಾಗ ಇಂಜಿನ್ ಮುಗ್ಗರಿಸಿದರೆ ಆ ಸಿಲಿಂಡರು ದುಡಿಯುತ್ತಿತ್ತು ಎಂದರ್ಥ. ಕಿತ್ತರೂ ಸದ್ದಿನಲ್ಲಿ ಏನೂ ವ್ಯತ್ಯಾಸವಾಗದಿದ್ದರೆ ಅದೇ ಕಳ್ಳ. ವೈರು ಕೀಳುವುದು ನನ್ನ ಕೆಲಸ, ಹಿಂದೆ ನಿಂತು ಸದ್ದು ಕೇಳುವುದು ತಂಗಿ ಗಿರಿಜೆಯ ಕೆಲಸ. ಕರೆಂಟು ಹೊಡೆಸಿಕೊಂಡು ನಾನು ಕುಣಿಯುವಾಗ ಅವಳು ತಣ್ಣಗೆ "ಇದಲ್ಲ ಕಣಣ್ಣ, ಮುಂದಿಂದು ಕೀಳು" ಎನ್ನುತ್ತಿದ್ದಳು. ಬೆಳಿಗ್ಗೆ ಹೊತ್ತು ಕಾರನ್ನು ಅಂಗಡಿ ಹಿಂದಿನಿಂದ ತಳ್ಳಿ ಹೊರಡಿಸುವಾಗ ಸ್ಟೇರಿಂಗ್ ಹಿಡಿದು ಕೂರುವವಳೂ ಅವಳೇ. ಹೀಗಾಗಿ ಕಾರಿನ ವಿದ್ಯೆ ಅವಳಿಗೆ ನನಗಿಂತ ಹೆಚ್ಚಾಗಿಯೇ ಅಂಟಿಕೊಂಡಿತು.

ಮೂರು ವರ್ಷದ ಹಿಂದೆ ಭೇರ್ಯದಲ್ಲಿ ನಮ್ಮ ನೆಂಟರ ಮದುವೆಯಾಯಿತು. ಗಿರಿಜೆಗೊಂದು ಗಂಡು ಬಂದಿತ್ತು. ಹನಗೋಡಿನ ಶಿವಣ್ಣ, ಹೊಳೆ ಮಗ್ಗುಲಲ್ಲಿ ಸ್ವಂತ ಬೇಸಾಯ. ಯಾರದೋ ಮದುವೆಯ ನೆಪದಲ್ಲಿ ಹೆಣ್ಣು ಗಂಡನ್ನು ಎದುರುಬದುರು ಮಾಡುವುದು ನಮ್ಮಲ್ಲಿ ವಾಡಿಕೆ. ಶಿವಣ್ಣ ತನ್ನ ಸೋದರಮಾವ ಪುಟ್ಟಬಸಪ್ಪನವರ ಜೊತೆ ಬಂದಿದ್ದ. ಮಾತೆಲ್ಲ ಮಾವನದು. ಹೊಗೆಸೊಪ್ಪಿನ ಧಾರಣೆಯಿಂದ ಹಿಡಿದು ಲೋಕದ ಆಗುಹೋಗಿನವರೆಗೆ ಎಲ್ಲವನ್ನೂ ಅವರೊಬ್ಬರೇ ಮಾತಾಡಿದರು. ಹುಡುಗ ಕೈಮುಗಿದ, ಕೂತ, ಉಂಡ, ಎದ್ದ. ಬಾಯಿಂದ ಒಂದು ಮಾತು ಬರಲಿಲ್ಲ.

"ಹುಡ್ಗ ಬಾಯೇ ಬುಡಲಿಲ್ವಲ್ಲೋ! ಮೂಗನ್ ಜೊತೆ ನನ್ ಮಗಳು ಬಾಳಾದೆಂಗೆ? ನಂಗೆ ಬ್ಯಾಡ" ಎಂದು ಅವ್ವ ನನ್ನನ್ನು ಪಕ್ಕಕ್ಕೆಳೆದು ಹೇಳಿದಳು. ನಮ್ಮ ಮನೆಯಲ್ಲಿ ಅಪ್ಪನ ಮಾತು ಕಡೆಯದು, ಅದಾದ ಮೇಲಿನದು ಅವ್ವನದು. ಹುಣಸೂರಿನಲ್ಲಿ ಬೀಳ್ಕೊಡುವಾಗ ಪುಟ್ಟಬಸಪ್ಪನವರಿಗೆ ಇಲ್ಲವೆಂದು ನಯವಾಗಿ ಹೇಳಿಬಿಡುವುದೆಂದು ತೀರ್ಮಾನವಾಯಿತು. ಹೆಣ್ಣನ್ನು ಕೇಳುವ ಪದ್ಧತಿಯಿಲ್ಲ. ಆದರೂ ನಾನು ಗುಟ್ಟಾಗಿ ಕೇಳಿದೆ. ವಟವಟ ಎನ್ನುವುದರಲ್ಲಿ ಊರಿಗೆ ಹೆಸರಾದ ಗಿರಿಜೆ, "ಮಾತಾಡಕ್ಕೆ ನಾನಿದ್ದೀನಲ್ಲಣ್ಣ. ಇಬ್ರೂ ಮಾತಾಡಿದ್ರೆ ಕೇಳೋರ್ಯಾರು?" ಎಂದು ತಲೆ ತಗ್ಗಿಸಿದಳು. ಅವಳು ತಲೆ ತಗ್ಗಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ಸಂಕಟವಾಯಿತು.

ಬಸ್ಸು ತಪ್ಪಿಹೋದದ್ದರಿಂದ ಮಾವ ಅಳಿಯ ಇಬ್ಬರೂ ನಮ್ಮ ಕಾರಿನಲ್ಲೇ ಹೊರಟರು. ಹಿಂದೆ ಅಪ್ಪ, ಅವ್ವ, ಗಿರಿಜೆ. ಮುಂದೆ ನಾನು ಮತ್ತು ಪುಟ್ಟಬಸಪ್ಪನವರ ದೇಹ. ಶಿವಣ್ಣ ಬಾಗಿಲು ಹಿಡಿದು ಫುಟ್‌ಬೋರ್ಡಿನ ಮೇಲೆ ನಿಂತ. ಕೃಷ್ಣರಾಜನಗರ ದಾಟಿ ಹುಣಸೂರಿನ ರಸ್ತೆಗೆ ಬೀಳುವಾಗಲೇ ಇಂಜಿನ್ ಮಿಸ್ಸಿಂಗ್ ಶುರುಮಾಡಿತು. ಒಂದು ಉದ್ದನೆಯ ಏರಿನ ಬುಡದಲ್ಲಿ ಕೆಮ್ಮಿ ನಿಂತೇಬಿಟ್ಟಿತು. ಬ್ಯಾಟರಿಯಲ್ಲಿ ಜೀವವಿಲ್ಲ. ಹ್ಯಾಂಡಲ್ ತಿರುಗಿಸಿ ತಿರುಗಿಸಿ ನನ್ನ ರಟ್ಟೆ ಬಿದ್ದುಹೋಯಿತು. ಏರಿನ ನೆತ್ತಿಯವರೆಗೆ ತಳ್ಳಿದರೆ ಆಚೆಯ ಇಳಿಜಾರಿನಲ್ಲಿ ಹೊತ್ತಿಕೊಂಡೀತು. ಗಿರಿಜೆ ಸ್ಟೇರಿಂಗಿಗೆ ಕೂತಳು. ಮಂಡಿನೋವಿನ ಅಪ್ಪ ಒಳಗೇ ಉಳಿದರು. ನಾನು, ಪುಟ್ಟಬಸಪ್ಪನವರು, ಶಿವಣ್ಣ, ಬೇಡವೆಂದರೂ ಕೇಳದೆ ಸೆರಗು ಸಿಕ್ಕಿಸಿಕೊಂಡು ಬಂದ ಅವ್ವ, ಒಟ್ಟು ನಾಲ್ಕು ಜನ ಹಿಂದೆ ನಿಂತೆವು.

"ಐಸಾ! ಆಕ್ರಪ್ಪಾ ಕೈಯ! ಐಸಾ!" ಎಂದು ಪುಟ್ಟಬಸಪ್ಪನವರು ಕೂಗಿದ ಭರಕ್ಕೆ ಗದ್ದೆಯ ಕೊಕ್ಕರೆಗಳು ಎದ್ದವು. ನಾನೂ ಹಲ್ಲು ಕಚ್ಚಿ ಮುಖ ಕೆಂಪಗೆ ಮಾಡಿಕೊಂಡು ತಳ್ಳುತ್ತಿದ್ದೆ. ಕಾರು ನಿಧಾನವಾಗಿ ಏರತೊಡಗಿತು.

ಸ್ವಲ್ಪ ದೂರ ಹೋದ ಮೇಲೆ ಗಿರಿಜೆ ತಲೆ ಹೊರಗೆ ಹಾಕಿ, "ಅಣ್ಣಾ, ಬಾನೆಟ್ ಕೊಂಡಿ ಅಲ್ಲಾಡ್ತೈತೆ, ಬಂದು ನೋಡು" ಎಂದಳು. ಓಡಿಹೋಗಿ ನೋಡಿದೆ. ಕೊಂಡಿ ನೆಟ್ಟಗಿತ್ತು. ಮರಳಿ ಬಂದು ಕೈಯಿಟ್ಟೆ. ಆಮೇಲೆ ಅಪ್ಪನ ದನಿ ಬಂತು, "ಪುಟ್ಟಬಸಪ್ನೋರೇ, ಒಂದ್ ಕಲ್ಲು ಇಡ್ಕೊಂಡು ಚಕ್ರದ್ ಮಗ್ಗುಲಲ್ಲೇ ಬನ್ನಿ. ಕಾರು ಇಂದಕ್ಕೆ ಬಂದ್ರೆ ಒಡ್ಡೀರಂತೆ." ಅವರು ಸಂತೋಷವಾಗಿ ಒಪ್ಪಿದರು. ಆಮೇಲೆ, "ಅವ್ವಾ, ಸೆರಗು ಚಕ್ರಕ್ಕೆ ಸಿಕ್ಕಾತು, ಒಸಿ ಈಚೆ ಬಾ" ಎಂದು ಗಿರಿಜೆ ಕೂಗಿದಳು. ಅವ್ವ ಸೆರಗು ನೋಡಿಕೊಂಡು ಮತ್ತೆ ಬಂದಳು. ನನಗೆ ಇದಾವುದರ ಅರ್ಥವೂ ಆಗಲಿಲ್ಲ.

ಕಾರಿನೊಳಗೆ ನಡೆದದ್ದನ್ನು ಅಪ್ಪ ಆಮೇಲೆ ಹೇಳಿದರು. "ಏನವ್ವಾ ಮಾಡ್ತಿದ್ದೀಯ?" ಎಂದು ನಾನು ಕೊಂಡಿ ನೋಡುವಾಗಲೇ ಅವರು ಕೇಳಿದ್ದಕ್ಕೆ ಗಿರಿಜೆ, "ಮಿಸ್ಸಿಂಗ್ ಯಾವುದೂಂತ ನೋಡ್ತಿದ್ದೀನಪ್ಪಾ" ಎಂದಳಂತೆ. ನಾನು ಬಿಟ್ಟಾಗ ಕಾರು ಇದ್ದ ಹಾಗೇ ಹೋಯಿತಂತೆ. ಪುಟ್ಟಬಸಪ್ಪನವರು ಬಿಟ್ಟಾಗ ಸದ್ದು ಮಾತ್ರ ಕಡಿಮೆಯಾಯಿತಂತೆ. ಅವ್ವ ಬಿಟ್ಟಾಗ ಕೊಂಚ ನಿಧಾನವಾಯಿತಂತೆ. ಅಪ್ಪನಿಗೆ ಈ ಪರೀಕ್ಷೆಯಲ್ಲಿ ರುಚಿ ಹತ್ತಿತು. ಕಡೆಯ ವೈರನ್ನೂ ಅವರೇ ಕಿತ್ತರು.

"ಶಿವಣ್ಣಾ, ಬೆವೆತೋಗಿದ್ದೀಯ. ಬಾಪ್ಪ, ನೀರು ಕುಡಿ."

ಹಿರಿಯರ ಮಾತೆಂದು ಶಿವಣ್ಣ ಕೈಬಿಟ್ಟು ಪಕ್ಕಕ್ಕೆ ಸರಿದ. ಕಾರು ನಿಂತಿತು. ಆಮೇಲೆ ಹಿಂದಕ್ಕೆ ಬಂತು. ನನ್ನ ಕಾಲು ರಸ್ತೆಯ ಮೇಲೆ ಜಾರುತ್ತ ಹೋಯಿತು. ನಿಜವಾಗಿ ಹೆದರಿದೆ. ಪುಟ್ಟಬಸಪ್ಪನವರು "ಐಸಾ" ಎನ್ನುವುದನ್ನೂ ಮರೆತು, ಕಲ್ಲನ್ನು ಕೈಯಲ್ಲೇ ಹಿಡಿದು ನಿಂತಿದ್ದರು. ಆಗ ಅವ್ವ ಕಿರುಚಿಕೊಂಡಳು.

"ಅಯ್ಯೋ, ಬುಡಬ್ಯಾಡ ಕಣಪ್ಪೋ! ಇಡ್ಕೋ! ನನ್ ಗಿರ್ಜಿ ಅವ್ಳೆ ಒಳಗೆ, ಇಡ್ಕಳಪ್ಪೋ!"

ಶಿವಣ್ಣ ಒಂದೇ ನೆಗೆತಕ್ಕೆ ಬಂದು ಬೆನ್ನು ಕೊಟ್ಟು ನಿಂತ. ಕಾರು ತಡೆದು ನಿಂತಿತು. ಆ ದಿನ ಅವನ ಬಾಯಿಂದ ಮೊದಲ ಮಾತು ಬಂದದ್ದು ಆಗ.

"ಇಡ್ಕಂಡಿವ್ನಿ ಕಣ್ರವ್ವಾ. ಬುಡಾಕಿಲ್ಲ."

ಅವ್ವ ಅವನ ಮುಖವನ್ನೇ ನೋಡಿದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ತಳ್ಳಲು ನಿಂತಳು. ನೆತ್ತಿ ಮುಟ್ಟಿದ ಮೇಲೆ ನಾನು ಒಳಗೆ ಕೂತು ಇಳಿಜಾರಿನಲ್ಲಿ ಕ್ಲಚ್ ಬಿಟ್ಟೆ. ಇಂಜಿನ್ ಕೆಮ್ಮಿ ಹೊತ್ತಿಕೊಂಡಿತು. "ಆ ಹುಡ್ಗ ದಣಿದವ್ನೆ, ಒಳಗೆ ಕೂತ್ಕಳ್ಲಿ" ಎಂದು ಅವ್ವ ಅಪ್ಪಣೆ ಮಾಡಿದಳು. ಪುಟ್ಟಬಸಪ್ಪನವರು ತಂಗಾಳಿಯ ನೆಪ ಹೇಳಿ ಫುಟ್‌ಬೋರ್ಡಿಗೆ ಹೋದರು. ಹುಣಸೂರಿನಲ್ಲಿ ಅವರನ್ನು ಬೀಳ್ಕೊಡುವಾಗ, ಲಗ್ನ ಯಾವಾಗ ಇಟ್ಟುಕೊಳ್ಳೋಣ ಎಂದು ಕೇಳಿದವಳು ಅವ್ವನೇ. "ಒಳಗೆ ನಾನೂ ಇದ್ದೆ. ನಿಮ್ಮವ್ವ ಗಿರ್ಜಿ ಹೆಸರು ಮಾತ್ರ ಕೂಗಿದಳು" ಎಂದು ಅಪ್ಪ ಇಂದಿಗೂ ಹೇಳುವುದುಂಟು.

ಆ ಏರಿನಲ್ಲಿ ಹ್ಯಾಂಡ್ ಬ್ರೇಕ್ ಯಾಕೆ ಎಳೆಯಲಿಲ್ಲವೆಂದು ಮದುವೆಯಾದ ಮೇಲೆ ಗಿರಿಜೆಯನ್ನು ಕೇಳಿದೆ. "ಕೈ ಬ್ರೇಕಿನ ಮೇಲೇ ಇತ್ತಣ್ಣ. ಅವ್ವ ಕೂಗ್ಲಿ ಅಂತ ಕಾದೆ" ಎಂದಳು. ಪಕ್ಕದಲ್ಲಿ ಶಿವಣ್ಣ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ತೂಗುತ್ತಿದ್ದ.

ಕಾರಿನ ಮಿಸ್ಸಿಂಗ್ ಆಮೇಲೆ ಸರಿಹೋಯಿತು. ಮೂರನೆಯ ಪ್ಲಗ್ಗು ಬದಲಾಯಿಸಿದೆ, ಅಷ್ಟೇ. ನನ್ನ ವಿಷಯದಲ್ಲಿ ಮಾತ್ರ ಇನ್ನೂ ವಾದವಿದೆ. ನಾನು ತಳ್ಳಿದ್ದೆ, ಮಾರನೆಯ ದಿನ ಸೊಂಟ ಹಿಡಿದುಕೊಂಡದ್ದಕ್ಕೆ ನಮ್ಮವ್ವನೇ ಸಾಕ್ಷಿ. ಆದರೂ ಆವತ್ತಿನಿಂದ ಒಂದು ಅಭ್ಯಾಸ ಅಂಟಿಕೊಂಡಿದೆ. ಅಂಗಡಿಯಲ್ಲೋ ಮದುವೆ ಮನೆಯಲ್ಲೋ ನಾಲ್ಕು ಜನರ ಜೊತೆ ಕೆಲಸಕ್ಕೆ ಕೈಹಾಕಿರುವಾಗ ಯಾರಾದರೂ "ಒಸಿ ಈಚೆ ಬನ್ನಿ" ಎಂದು ಕರೆದರೆ ಹೋಗುತ್ತೇನೆ. ಹೋಗುತ್ತ ಒಂದು ಕಿವಿಯನ್ನು ಹಿಂದಕ್ಕಿಟ್ಟುಕೊಂಡು, ನಾನು ಬಿಟ್ಟ ಮೇಲೆ ಕೆಲಸ ಎಲ್ಲಾದರೂ ಮುಗ್ಗರಿಸಿತೇ ಎಂದು ಕೇಳುತ್ತೇನೆ.

ಇದುವರೆಗೆ ಮುಗ್ಗರಿಸಿಲ್ಲ. ಕೇಳುವುದನ್ನು ನಾನೂ ಬಿಟ್ಟಿಲ್ಲ.