ಮೂರ್ತಿ ಅಂಕಲ್ ಎಸೆದ ಚೆಂಡು

ಪರ್ತ್‌ನ ಮೋರ್ಲಿಯ ಶಾಪಿಂಗ್ ಸೆಂಟರಿಗೆ ಹಾಲು ತರಲು ಹೋದವನು ಟಿವಿ ಅಂಗಡಿಯ ಮುಂದೆ ನಿಂತುಬಿಟ್ಟೆ. ನಮಗೆ ಸೋಮವಾರ ಬೆಳಿಗ್ಗೆ. ಅಮೆರಿಕದವರಿಗೆ ಇನ್ನೂ ಭಾನುವಾರ, ಅವರ ಫುಟ್‌ಬಾಲ್ ನಡೆಯುತ್ತಿತ್ತು. ಕಾಲಿಗಿಂತ ಕೈಗೇ ಹೆಚ್ಚು ಕೆಲಸವಿರುವ ಆಟಕ್ಕೆ ಈ ಹೆಸರಿಟ್ಟವರು ಯಾರೋ! ತನ್ನ ತಂಡದವರಿಗೆ ಚೆಂಡೆಸೆದು ಕೊಡುವವನು ಕ್ವಾರ್ಟರ್‌ಬ್ಯಾಕ್. ಪರದೆಯ ಮೇಲಿದ್ದವನ ಗಡ್ಡ ನರೆತಿತ್ತು. ಅವನೆಸೆದ ಚೆಂಡು ಅರ್ಧ ದಾರಿಯಲ್ಲೇ ಸುಸ್ತಾಗಿ ಎದುರಾಳಿಯ ಕೈ ಸೇರಿತು. ನನಗೆ ನಗು ಬಂತು. ಪಾಪ, ಅವನನ್ನು ನೋಡಿಯಲ್ಲ. ನಮ್ಮ ಮೂರ್ತಿ ಅಂಕಲ್ ನೆನಪಾಗಿ.

ನಾನು ಬ್ರಿಸ್ಬೇನಿನ ಟೂವಾಂಗ್‌ನಲ್ಲಿ ಬಾಡಿಗೆಗಿದ್ದ ಕಾಲವದು. ಮೂರ್ತಿ ಅಂಕಲ್ ಮೈಸೂರಿನವರು, ಸೇತುವೆ ಕಟ್ಟುವ ಇಂಜಿನಿಯರ್. ಮೈಸೂರಿನವರೆಂದ ಮೇಲೆ ಕ್ರಿಕೆಟ್ ಆಡಬೇಕು ತಾನೆ, ನೀವೇ ಹೇಳಿ? ಇವರಿಗೆ ಮಾತ್ರ, ಅಮೆರಿಕದ ಸಹೋದ್ಯೋಗಿಯೊಬ್ಬ ಊರಿಗೆ ಹೊರಡುವಾಗ ಬಿಟ್ಟುಹೋದ ಮೊಟ್ಟೆಯಾಕಾರದ ಚೆಂಡಿನ ಹುಚ್ಚು. "ಸಂಡೇ ಆರ್ವೋ ಎಲ್ರೂ ಪಾರ್ಕಿಗೆ ಬಂದ್ಬಿಡ್ರಪ್ಪ" ಎಂದು ಭಾನುವಾರ ಮಧ್ಯಾಹ್ನ ಕನ್ನಡದವರನ್ನೆಲ್ಲ ಸೇರಿಸುತ್ತಿದ್ದರು. ಎರಡು ತಂಡಗಳಲ್ಲಿ ಒಂದಕ್ಕೆ ಚೆಂಡೆಸೆಯುವವರು ಯಾವತ್ತಿಗೂ ಅವರೇ. ಒಂದು ಕಾಲಕ್ಕೆ ಅವರ ಎಸೆತ ಹಿಡಿದರೆ ಅಂಗೈ ಉರಿಯುತ್ತಿತ್ತಂತೆ. ನಾನು ಸೇರುವ ಹೊತ್ತಿಗೆ ಅದು ಮದುವೆಮನೆಗೆ ಬಂದ ನೆಂಟರಂತೆ ನಿಧಾನವಾಗಿ, ಎಲ್ಲರನ್ನೂ ಮಾತಾಡಿಸಿಕೊಂಡು ಬರುತ್ತಿತ್ತು.

ಹಿರಿಯರಿಗೆ ಇದನ್ನು ಹೇಳುವುದು ಹೇಗೆ? ಯಾರೂ ಮಾತಾಡಿಕೊಳ್ಳದೆಯೇ ನಮ್ಮಲ್ಲೊಂದು ಪದ್ಧತಿ ಬೆಳೆಯಿತು. ಅವರ ತಂಡದವರು ದೂರ ಓಡುವಂತೆ ನಟಿಸಿ ಹತ್ತಿರದಲ್ಲೇ ಸುಳಿದಾಡುವುದು. ಎದುರು ತಂಡದವರು ಕೈಗೆ ಬಂದ ಚೆಂಡನ್ನೂ "ಅಯ್ಯೋ, ಜಾರ್ಬಿಡ್ತು" ಎಂದು ಕೆಳಗೆ ಹಾಕುವುದು. ಜಾರಿಸುವುದರಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ಅರ್ಧ ಸಲ ಅದು ನಟನೆಯೂ ಆಗಿರಲಿಲ್ಲ ಅನ್ನಿ.

ತಮಾಷೆಯೆಂದರೆ, ಟಿವಿಯ ಮುಂದೆ ಅಂಕಲ್ ಕಟುಕರು. ರಜೆಯ ಸೋಮವಾರ ಅವರ ಮನೆಯಲ್ಲೇ ನಮ್ಮ ತಿಂಡಿ, ಜೊತೆಗೆ ಆಟ. ಅವರ ಮೆಚ್ಚಿನ ಕ್ವಾರ್ಟರ್‌ಬ್ಯಾಕಿಗೂ ವಯಸ್ಸಾಗಿತ್ತು. "ಭುಜ ಹೋಗಿದೆ ಕಣಯ್ಯಾ ಅವನ್ದು. ಸುತ್ತ ಇರೋರು ಹೇಳ್ಬಾರ್ದಾ?" ಎನ್ನುತ್ತಿದ್ದರು. ನಾವು ತಲೆಯೆತ್ತದೆ ದೋಸೆ ತಿನ್ನುತ್ತಿದ್ದೆವು. ಅವರ ಹೆಂಡತಿ ಶಾಂತಾ ಆಂಟಿ "ಇನ್ನೊಂದ್ ಹಾಕ್ಲಾ?" ಎಂದು ನಮ್ಮನ್ನು ಕಾಪಾಡುತ್ತಿದ್ದರು.

ಹೀಗಿರುವಾಗ ಆಸ್ಪತ್ರೆಯ ಕೆಲಸಕ್ಕೆಂದು ಅಡಿಲೇಡಿನಿಂದ ಡಾಕ್ಟರ್ ರೇಷ್ಮಾ ಬಂದಳು. ಅಪ್ಪ ಅಮ್ಮ ಮಂಗಳೂರಿನವರು. ಹುಡುಗಿ ಹುಟ್ಟಿ ಬೆಳೆದದ್ದು ಅಡಿಲೇಡಿನಲ್ಲಿ. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. ಮೊದಲ ದಿನ ಅವಳನ್ನು ಎದುರು ತಂಡಕ್ಕೆ ಹಾಕಿದೆವು. ನಮ್ಮ ಪದ್ಧತಿ ತಿಳಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಅಂಕಲ್ ಎಸೆದರು, ಚೆಂಡು ತೇಲುತ್ತ ಬಂತು. ರೇಷ್ಮಾ ಎಗರಿ ಹಿಡಿದವಳೇ ಕೊನೆಯ ಗೆರೆಯವರೆಗೂ ಓಡಿ, "ಟೂ ಈಸಿ!" ಎಂದು ಕೂಗಿದಳು.

ಚುರುಮುರಿ ಕಲಸುತ್ತಿದ್ದ ಶಾಂತಾ ಆಂಟಿಯ ಕೈ ಹಾಗೆಯೇ ನಿಂತಿತು. ಅಂಕಲ್ ಮುಖ ಕೆಂಪಾಗಿತ್ತು. ಇನ್ನು ಇವರು ಚೆಂಡು ಮುಟ್ಟುವುದಿಲ್ಲ, ನಮ್ಮ ಭಾನುವಾರಗಳು ಮುಗಿದವು ಎಂದುಕೊಂಡೆ.

ನಮ್ಮ ಮುಖಗಳನ್ನು ನೋಡಿ ರೇಷ್ಮಾ ಗಾಬರಿಯಾದಳು. "ಸಾರಿ ಅಂಕಲ್, ವಾಸ್ ಐ ನಾಟ್ ಸಪೋಸ್ಡ್ ಟು?"

"ಹಿಡೀಬೇಕಮ್ಮಾ, ಹಿಡೀಲೇಬೇಕು! ಎಲ್ಲಿದ್ದೆ ಇಷ್ಟ್ ದಿನ?" ಅಂಕಲ್ ಅವಳ ಬೆನ್ನು ತಟ್ಟಿ ನಮ್ಮ ಕಡೆ ತಿರುಗಿದರು. "ಈ ಮಹಾನುಭಾವರು ವರ್ಷಗಟ್ಲೆ ಚೆಂಡು ಬೀಳಿಸ್ತಾನೇ ಇದಾರೆ. ನಾನೇನು ಕುರುಡನಾ? ಹೇಳಿದ್ರೆ ಪಾಪ ಬೇಜಾರ್ ಮಾಡ್ಕೋತಾರೆ ಅಂತ ಸುಮ್ನಿದ್ದೆ. ಇವತ್ತು ಒಬ್ಳಾದ್ರೂ ನನ್ ಜೊತೆ ಆಡಿದ್ಳು ನೋಡ್ರೋ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು.

ಅಂದಿನಿಂದ ಅಂಕಲ್ ಎಸೆದದ್ದರಲ್ಲಿ ಅರ್ಧ ರೇಷ್ಮಾಳ ಪಾಲು. ಅವರ ತಂಡ ವಾರ ವಾರವೂ ಸೋಲುತ್ತಿತ್ತು. ಅಷ್ಟು ಖುಷಿಯಾಗಿ ಸೋತವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಪರ್ತ್‌ಗೆ ಬಂದ ಮೇಲೆ ಇಲ್ಲಿಯೂ ಒಂದು ಗುಂಪು ಕಟ್ಟಿದ್ದೇನೆ. ಚೆಂಡೆಸೆಯುವವನು ನಾನೇ. ನಿನ್ನೆಯ ಆಟದಲ್ಲಿ ಎದುರು ತಂಡದ ಕಾರ್ತಿಕ್, ಹೊಸದಾಗಿ ಬೆಂಗಳೂರಿನಿಂದ ಬಂದವನು, ನೇರ ಕೈಗೆ ಬಂದ ನನ್ನ ಎಸೆತವನ್ನು ಬಿಟ್ಟು "ಬಿಸ್ಲು ಕಣ್ಣಿಗೆ ಹೊಡೀತು ಅಂಕಲ್" ಎಂದಿದ್ದ. ನಂಬಿದ್ದೆ. ನಿನ್ನೆಯಿಡೀ ಮೋಡ ಮುಚ್ಚಿತ್ತೆಂಬುದು ಟಿವಿಯ ಮುಂದೆ ನಿಂತಾಗಲೇ ಹೊಳೆದದ್ದು. ಅಲ್ಲಿಂದಲೇ ಅವನಿಗೆ ಫೋನ್ ಮಾಡಿದೆ.

"ಮುಂದಿನ್ ವಾರ ಕೈಗೆ ಬಂದದ್ದನ್ನ ಬಿಟ್ಯೋ, ನಿನ್ನನ್ನ ಆಟಕ್ಕೇ ಸೇರಿಸಲ್ಲ!"



"ಗೊತ್ತಾಗ್ಬಿಡ್ತಾ ಅಂಕಲ್?" ಎಂದ.