ಅವ್ವನ ಹೆಸರಿದ್ದ ಕರಾರು

ರಾಜ್ಯಕ್ಕೆ ಇನ್ನೂ ಮೈಸೂರೆಂಬ ಹೆಸರಿತ್ತು, ನಾನು ಹುಮನಾಬಾದಿನಲ್ಲಿ ಹೊಸ ವಕೀಲ. ಬೇಳೆ ಗಿರಣಿಯ ಪಾಲುದಾರ ವೀರಣ್ಣ ಜಗಳವಾಡಿ ಗಿರಣಿಗೆ ಕೀಲಿ ಜಡಿದು, ನನ್ನನ್ನು ಹಿಡಿದು ಕೋರ್ಟಿಗೆ ಹೋದ. ಇನ್ನೊಬ್ಬ ಪಾಲುದಾರ ಮಾರುತಿ ಕರಾರಿನ ಕೊನೆಯ ಸಾಲು ತೋರಿಸಿದ: ತಕರಾರು ಬಂದರೆ ಕಲ್ಯಾಣದ ಗುರುಬಸಮ್ಮ ಹೇಳಿದ್ದೇ ಫೈಸಲಾ.

"ಯಾರವರು?" ಎಂದು ವೀರಣ್ಣನನ್ನು ಕೇಳಿದೆ.

"ನಮ್ಮವ್ವರಿ."

"ಮತ್ತೇನು, ಅಲ್ಲಿಗೇ ಹೋಗೋಣ ನಡೀರಿ!"

"ಬ್ಯಾಡ್ರಿ ವಕೀಲಸಾಬ. ಹ್ಯಾಂಗರ ಮಾಡಿ ಕೋರ್ಟಿನ್ಯಾಗೇ ಇಟಗೋರಿ."

ಹಾಗಾಗಿ, ಹೆತ್ತ ತಾಯಿ ಪಕ್ಷಪಾತ ಮಾಡದೆ ಇರಲಾರಳು, ಪಂಚಾಯ್ತಿಗೆ ಕಳಿಸಬೇಡಿ ಎಂದು ಗಂಭೀರವಾಗಿ ವಾದಿಸಿದೆ. ಜಡ್ಜರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಈ ಮಾತು ಮಾರುತಿ ಆಡಬೇಕಲ್ಲವೇನ್ರಿ?"

ಮಾರುತಿ ಕೈಮುಗಿದ. "ನಂದೇನು ತಕರಾರಿಲ್ರಿ ಸಾಹೇಬ್ರ. ಅವ್ವಾರ ಮ್ಯಾಲ ಪೂರಾ ಭರೋಸಾ ಅದ."

ವ್ಯಾಜ್ಯ ಕಲ್ಯಾಣಕ್ಕೆ ಹೋಯಿತು.

ಗುರುಬಸಮ್ಮ ರೊಟ್ಟಿ ಬಡಿಯುತ್ತಿದ್ದರು. ವೀರಣ್ಣ, ಮಾರುತಿ, ನಾನು, ಮೂವರಿಗೂ ತಾಟು ಇಟ್ಟು, ನಾನು ಕಾಗದ ಬಿಚ್ಚುವ ಮೊದಲೇ ಮಗನನ್ನು ಕೇಳಿದರು: "ಮಾರುತಿಗಿ ಕೇಳಿ ಕೀಲಿ ಹಾಕಿದ್ಯಾ?"

"ಇಲ್ಲವ್ವ," ಎಂದು ವೀರಣ್ಣ ಕೀಲಿಕೈ ತೆಗೆದು ತಾಟಿನ ಪಕ್ಕ ಇಟ್ಟ.

"ಹಂಗಾದ್ರ ಉಂಡು ಹೋಗಿ ತಗಿ. ಗಿರಣಿ ಇಬ್ಬರದು."

ನಾನು ಏನೋ ಹೇಳಹೊರಟೆ. ಆಕೆ ಮಗನ ತಾಟಿಗೆ ಬಿಸಿ ರೊಟ್ಟಿ ಹಾಕುತ್ತ ಅಂದರು: "ಮಗ ಅಂತ ಒಂದು ರೊಟ್ಟಿ ಹೆಚ್ಚಿಗಿ ಹಾಕೇನ್ರಿ ವಕೀಲ್ರ. ನ್ಯಾಯ ಹೆಚ್ಚಿಗಿ ಹಾಕಾಂಗಿಲ್ಲ."

ಅಂದಿನಿಂದ ಯಾರೇ ಕರಾರು ಬರೆಸಲು ಬಂದರೂ, ಮನೆಯಲ್ಲಿ ಯಾರಿಗೆ ಅಂಜುತ್ತೀರಿ ಎಂದು ಕೇಳಿ ಅವರನ್ನೇ ಪಂಚರೆಂದು ಬರೆಯುತ್ತೇನೆ. ಅಂಥ ಒಂದು ಕರಾರೂ ತಿರುಗಿ ಕೋರ್ಟಿಗೆ ಬಂದಿಲ್ಲ. ನನ್ನ ವಕೀಲಿಗೆ ಆ ತಾಯಿ ಮಾಡಿದ ನಷ್ಟ ಸಣ್ಣದಲ್ಲ.